ಲೆಕ್ಕದ ಪುಸ್ತಕ ಯಾರ ಕೈಯಲ್ಲಿ? ಕುಲಕರ್ಣಿ ಕಾಲದಿಂದ ಬಿ.ಕಾಂ. ಕಾಲದವರೆಗೆ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಫೋನಿಗೆ ಬಿಡುವಿರುವುದಿಲ್ಲ. ಪೇಪರಿಗೆ ಸುದ್ದಿ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಊರಿನವರು ನಂಬಿದ್ದಾರೆ. ಗದಗ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದಾಗ ಪರಿಚಯದ ಕಾಕಾ ಒಬ್ಬರು ಸಿಕ್ಕರು. ಮಗಳು ಕಾಮರ್ಸ್‌ನಲ್ಲಿ ಚೆನ್ನಾಗಿ ಪಾಸಾಗಿದ್ದಳು. ಅಕೌಂಟೆನ್ಸಿಯಲ್ಲಿ ತೊಂಬತ್ತರ ಮೇಲೆ ಅಂಕ. ಫೋನಿನಲ್ಲಿದ್ದ ಮಾರ್ಕ್ಸ್ ಕಾರ್ಡ್ ತೋರಿಸಿ ಕೇಳಿದರು: "ತಮ್ಮಾ, ಬಿ.ಕಾಂ.ಗೆ ಹಚ್ಚಿದ್ರ ನೌಕರಿ ಸಿಗತೈತೇನು? ಇಲ್ಲಂದ್ರ ಸುಮ್ನ ಮದ್ವಿ ಮಾಡಿಬಿಡ್ತೀನಿ."

ಎರಡನೇ ಮಾತು ಕೇಳಿ ಚಹಾ ಗಂಟಲಲ್ಲೇ ನಿಂತಿತು. ನಾಳೆ ಹೇಳುತ್ತೇವೆ ಎಂದು ಬಂದೆವು. ಆ ಉತ್ತರ ಹುಡುಕುತ್ತ ಹೋದಾಗ, ಇದು ಈ ವರ್ಷದ ಅಡ್ಮಿಷನ್ನಿನ ಪ್ರಶ್ನೆಯಷ್ಟೇ ಅಲ್ಲ ಎನಿಸಿತು. ನಮ್ಮ ಹಳ್ಳಿಗಳಲ್ಲಿ ಲೆಕ್ಕ ಬರೆಯುವ ಕೆಲಸ ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂಬ ಹಳೆಯ ಕಥೆಯ ಹೊಸ ಅಧ್ಯಾಯ ಇದು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇವೆ.

ಅಜ್ಜನ ಹೆಬ್ಬೆಟ್ಟು

ನಮ್ಮ ಮನೆಯಲ್ಲಿ ಒಂದು ಮಾತು ಇನ್ನೂ ಉಳಿದಿದೆ. ನಮ್ಮಜ್ಜ ಬೀಜಕ್ಕೆಂದು ಸಾಲ ತಂದಿದ್ದರಂತೆ. ಎರಡು ಸುಗ್ಗಿಯಲ್ಲಿ ಜೋಳ ಅಳೆದುಕೊಟ್ಟು ತೀರಿಸಿದ್ದರಂತೆ. ಮೂರನೇ ವರ್ಷ ಪುಸ್ತಕ ತೆಗೆದಾಗ ಸಾಲ ಹಾಗೇ ನಿಂತಿತ್ತು. ಅದರ ಕೆಳಗೆ ಇದ್ದದ್ದು ಅಜ್ಜನದೇ ಹೆಬ್ಬೆಟ್ಟು. ಏನು ಬರೆದಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಗಾದೆ ಇದೆಯಲ್ಲ, ನಮ್ಮಜ್ಜನ ಪಾಲಿಗೆ ಅದು ತಿರುಗಿತ್ತು. ಸಾಲ ಇಸ್ಕೊಂಡವರೇ ಕೋಡಂಗಿ, ಪುಸ್ತಕ ಬರೆದವನು ಈರಭದ್ರ.

ಇದನ್ನು ಓದುವ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಥದ್ದೇ ಕಥೆ ಇದ್ದೀತು. ಹೊಲ ಉಳುವವರು ಒಬ್ಬರು, ಅದರ ಲೆಕ್ಕ ಬರೆಯುವವರು ಇನ್ನೊಬ್ಬರು ಎಂಬ ಪದ್ಧತಿ ನೂರಾರು ವರ್ಷಗಳಿಂದ ನಡೆದುಬಂದದ್ದು.

ಸೇನಬೋವ, ಶಾನುಭೋಗ, ಕುಲಕರ್ಣಿ

ಹಳೆಯ ಶಾಸನಗಳಲ್ಲಿ 'ಸೇನಬೋವ' ಎಂಬ ಪದ ಬರುತ್ತದೆ. ಊರಿನ ಲೆಕ್ಕಪತ್ರ ಬರೆಯುವವನು ಎಂದು ಅರ್ಥ. ಅದೇ ಪದ ಮುಂದೆ 'ಶಾನುಭೋಗ' ಆಯಿತು. ಮೈಸೂರು ಸೀಮೆಯಲ್ಲಿ ಶಾನುಭೋಗ ಎಂದರೆ, ನಮ್ಮ ಮುಂಬೈ ಕರ್ನಾಟಕದ ಕಡೆ ಕುಲಕರ್ಣಿ ಎಂದರು. ಯಾವ ಸರ್ವೆ ನಂಬರಿನಲ್ಲಿ ಯಾರು ಉಳುತ್ತಾರೆ, ಎಷ್ಟು ಕಂದಾಯ, ಎಷ್ಟು ಬಾಕಿ ಎಲ್ಲವೂ ಅವರ ಬರಹದಲ್ಲಿ. ಗೌಡರ ಕೈಯಲ್ಲಿ ಅಧಿಕಾರ ಇದ್ದರೂ ಊರಿನ ನೆನಪು ಮಾತ್ರ ಇವರ ಕೈಯಲ್ಲಿತ್ತು.

ಅವರು ಬರೆಯುತ್ತಿದ್ದ ವಸ್ತುವಿನ ಹೆಸರನ್ನು ನಾವು ಇಂದಿಗೂ ಬಳಸುತ್ತೇವೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಹಚ್ಚಿ, ಕಪ್ಪಗೆ ಗಟ್ಟಿಯಾಗಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಅದರ ಮೇಲೆ ಬಳಪದಿಂದ ಬರವಣಿಗೆ. ಅದೇ 'ಕಡತ'. ತಹಶೀಲ್ದಾರ್ ಕಚೇರಿಯಲ್ಲಿ "ನಿಮ್ಮ ಕಡತ ಮುಂದೆ ಹೋಗಿಲ್ಲ" ಎಂದು ಹೇಳುತ್ತಾರಲ್ಲ, ಆ ಪದದ ಮೂಲ ಈ ಕಪ್ಪು ಬಟ್ಟೆ. ಕಡತದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅದು ಅನುಕೂಲವೂ ಹೌದು, ಅಪಾಯವೂ ಹೌದು.

ನಮ್ಮ ಕಡೆ ಇನ್ನೊಂದು ತೊಡಕಿತ್ತು. ಹಳೆಯ ಲೆಕ್ಕಪತ್ರಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿದ್ದವು. ಕನ್ನಡ ಅಕ್ಷರ ಬಲ್ಲವರಿಗೂ ಅದು ಓದಲು ಬರುತ್ತಿರಲಿಲ್ಲ.

ಈ ಕೆಲಸಕ್ಕೆ ಪರೀಕ್ಷೆ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ತಂದೆಯಿಂದ ಮಗನಿಗೆ ಬರುತ್ತಿತ್ತು. ಪ್ರಾಮಾಣಿಕವಾಗಿ ಬರೆದವರೂ ಇದ್ದರು, ಊರಿನ ಹೊಲಗಳ ನೆನಪನ್ನು ತಲೆಮಾರುಗಳವರೆಗೆ ಕಾಪಾಡಿದವರೂ ಇದ್ದರು. ಆದರೆ ಒಕ್ಕಲಿನವನ ಮಗ ಎಷ್ಟೇ ಚುರುಕಾಗಿದ್ದರೂ ಆ ಪುಸ್ತಕ ಅವನ ಕೈಗೆ ಬರುತ್ತಿರಲಿಲ್ಲ. ಮಗಳ ಮಾತಂತೂ ದೂರವೇ ಉಳಿಯಿತು.

ಪುಸ್ತಕ ಸುಟ್ಟ ರೈತರು, ಪುಸ್ತಕ ಬರೆದ ರೈತರು

1875ರಲ್ಲಿ ಪುಣೆ ಮತ್ತು ಅಹ್ಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಲೆಕ್ಕದ ಕಾಗದಗಳನ್ನು. ಅವರ ಸಿಟ್ಟು ಎಲ್ಲಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. ಈ ದಂಗೆಯ ನಂತರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಸಾಲ ತೀರಿಸಿದ್ದಕ್ಕೆ ರಸೀದಿ ಕೇಳುವ ಹಕ್ಕು, ವರ್ಷಕ್ಕೊಮ್ಮೆ ಲೆಕ್ಕದ ವಿವರ ಕೇಳುವ ಹಕ್ಕು ಆ ಕಾಯ್ದೆಯಲ್ಲಿತ್ತು. ಇಂದು ನಾವು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋಗುತ್ತೇವಲ್ಲ, ಅದಕ್ಕಾಗಿ ಒಂದು ಕಾಲದಲ್ಲಿ ಜನ ಬೀದಿಗಿಳಿಯಬೇಕಾಗಿತ್ತು.

ಪುಸ್ತಕ ಸುಟ್ಟರೆ ಸಾಲ ತೀರಬಹುದು, ಆದರೆ ಬರುವ ವರ್ಷ ಬೀಜಕ್ಕೆ ಮತ್ತೆ ಹಣ ಬೇಕಲ್ಲ? ಅದಕ್ಕೆ ಉತ್ತರ ಕೊಟ್ಟ ಊರುಗಳಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳ ಮೊದಲನೆಯದು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರ ಮೇ 8ರಂದು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಇದನ್ನು ಗುರುತಿಸುತ್ತಾರೆ.

ಈ ಸಂಘದ ಬಗ್ಗೆ ಹೇಳುವಾಗ ಸಾಲ ಕೊಟ್ಟದ್ದನ್ನೇ ಹೇಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯ ಎನಿಸುವುದು ಅದರ ಪುಸ್ತಕ. ಸಂಘದ ಕಿರ್ದಿ, ಖತಾವಣಿ ಯಾರೊಬ್ಬರ ಮನೆಯ ಆಸ್ತಿಯಲ್ಲ. ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಣೆ ಮಾಡಬೇಕೆಂದು ಕಾಯ್ದೆಯೇ ಹೇಳಿತ್ತು. ಹೀಗಾಗಿ ಹಳ್ಳಿಯಲ್ಲಿ ಮೊದಲ ಸಲ, ಹುಟ್ಟಿನಿಂದ ಬಂದ ಹಕ್ಕಿಲ್ಲದೆ, ಕಲಿತು ಲೆಕ್ಕ ಬರೆಯುವ ಕೆಲಸವೊಂದು ಕಾಣಿಸಿಕೊಂಡಿತು. ಸಂಘದ ಕಾರ್ಯದರ್ಶಿಯ ಕೆಲಸ ಅದು.

ಪರೀಕ್ಷೆಯ ಬಾಗಿಲು ಮುಂಬೈಯಲ್ಲಿ

ಪೇಟೆಗಳಲ್ಲಿ ಆಗ ಬೇರೆ ಬದಲಾವಣೆ ನಡೆದಿತ್ತು. 1913ರ ಕಂಪನಿ ಕಾಯ್ದೆ, ಕಂಪನಿಗಳ ಲೆಕ್ಕ ಪರಿಶೋಧಿಸುವ ಆಡಿಟರ್‌ಗೆ ಸರ್ಕಾರದ ಪ್ರಮಾಣಪತ್ರ ಬೇಕು ಎಂದಿತು. ಅದೇ ವರ್ಷ ಮುಂಬೈಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಶುರುವಾಯಿತು. 1918ರಲ್ಲಿ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ ಬಂತು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತದಲ್ಲಿದ್ದವು. ನಮ್ಮ ಗದಗ ಧಾರವಾಡ ಜಿಲ್ಲೆಯೊಳಗಿತ್ತು. ಬಾಗಿಲು ತೆರೆದಿತ್ತು, ಆದರೆ ಅದು ಇದ್ದದ್ದು ಮುಂಬೈಯಲ್ಲಿ. ರೈಲಿನ ಟಿಕೆಟ್ಟು, ಅಲ್ಲಿ ಉಳಿಯುವ ಖರ್ಚು, ಇಂಗ್ಲಿಷ್ ಈ ಮೂರೂ ಇದ್ದವರಿಗೆ ಮಾತ್ರ ಅದರೊಳಗೆ ಪ್ರವೇಶ. ಹುಬ್ಬಳ್ಳಿಯಲ್ಲೇ ಜೆ.ಜಿ. ವಾಣಿಜ್ಯ ಕಾಲೇಜು ಆರಂಭವಾಗಲು 1947 ಬರಬೇಕಾಯಿತು.

ಹೆಣ್ಣುಮಕ್ಕಳಿಗೆ ಆಗಲೂ ದಾರಿ ಇರಲಿಲ್ಲವೇ? ಒಬ್ಬರು ಮಾಡಿಕೊಂಡರು. ಮದ್ರಾಸಿನ ಆರ್. ಶಿವಭೋಗಂ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. 1933ರಲ್ಲಿ ಅಕೌಂಟೆನ್ಸಿ ಡಿಪ್ಲೊಮಾ ಪಾಸಾದರು. ದೇಶದ ಮೊದಲ ಮಹಿಳಾ ಲೆಕ್ಕ ಪರಿಶೋಧಕಿ ಎಂದು ಅವರನ್ನು ನೆನೆಯುತ್ತಾರೆ. ಕಾಕಾನಿಗೆ ಹೇಳಲೇಬೇಕು ಎಂದು ಈ ಹೆಸರನ್ನು ನಾವು ಬರೆದಿಟ್ಟುಕೊಂಡೆವು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಆಯಿತು. ಜುಲೈ 1ರಂದು ಜಾರಿಗೆ ಬಂತು. ಪ್ರತಿ ವರ್ಷ ಆ ದಿನ ಸಿಎ ದಿನಾಚರಣೆ ನಡೆಯುವುದು ಅದಕ್ಕೇ.

ಕರಾವಳಿಯ ಎರಡಾಣೆ

ಕರ್ನಾಟಕದಲ್ಲಿ ಲೆಕ್ಕದ ಕೆಲಸವನ್ನು ಸಂಬಳದ ನೌಕರಿಯನ್ನಾಗಿ ಮಾಡಿದ್ದರಲ್ಲಿ ಕರಾವಳಿಯ ಪಾಲು ದೊಡ್ಡದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. ಮೊದಲ ದಿನ ಅಲ್ಲಿ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಶುರು ಮಾಡಿದ ನಿಧಿ ಇಂದಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಒಂದು ಚಿಕ್ಕ ಪಟ್ಟಿ ನೆಲದಲ್ಲಿ ಇಪ್ಪತ್ತೈದು ವರ್ಷದೊಳಗೆ ಐದು ಬ್ಯಾಂಕು.

ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆ ಬಾಗಿಲಿಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎರಡಾಣೆ ಸಣ್ಣದು. ಆದರೆ ಪ್ರತಿ ಎರಡಾಣೆಗೂ ದಿನದಿನವೂ ಒಂದೊಂದು ಸಾಲು ಬರೆಯಬೇಕು. ಹಾಗೆ ಬರೆಯಲು ಗುಮಾಸ್ತರು ಬೇಕು. ಸಣ್ಣ ಜನರ ಹಣ ಬ್ಯಾಂಕಿಗೆ ಬಂದಷ್ಟೂ ಸಣ್ಣ ಊರಿನ ಹುಡುಗರಿಗೆ ಕೆಲಸ ಹುಟ್ಟಿತು. ಆದರೂ ಆ ಕಾಲದ ಖಾಸಗಿ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಲು ಪರಿಚಯ, ಊರು, ಬಳಗ ಲೆಕ್ಕಕ್ಕೆ ಬರುತ್ತಿದ್ದವು. ದೂರದ ಬಯಲುಸೀಮೆಯ ಒಕ್ಕಲು ಮಕ್ಕಳಿಗೆ ಅಂಥ ಪರಿಚಯ ಎಲ್ಲಿಂದ ಬರಬೇಕು?

ಎರಡು ಕಾನೂನು, ಎರಡು ಬಾಗಿಲು

ಆಮೇಲೆ ಆರು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಬಾಗಿಲು ತೆರೆದವು.

ಮೊದಲನೆಯದು ಊರಿನೊಳಗೆ. 1961ರ ಗ್ರಾಮ ಅಧಿಕಾರಿ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ವಂಶದಿಂದ ಬರುತ್ತಿದ್ದ ಗೌಡಿಕೆ, ಶಾನುಭೋಗಿಕೆ, ಕುಲಕರ್ಣಿಕೆ ಅಂದಿಗೆ ಮುಗಿದವು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಯಾವ ಮನೆಯಲ್ಲಿ ಹುಟ್ಟಿದರೂ ಅರ್ಜಿ ಹಾಕಬಹುದು ಎಂದಾಯಿತು. ಮುಂದೆ ಬಹುಕಾಲ ಪಿಯುಸಿ ಅಂಕದ ಮೇಲೆಯೇ ಈ ಆಯ್ಕೆ ನಡೆಯಿತು. ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ. 2024ರಲ್ಲಿ 1,000 ಹುದ್ದೆಗೆ ಅರ್ಜಿ ಕರೆದಾಗ ಅಂಕದ ಬದಲು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿದರು.

ಎರಡನೆಯದು ಬ್ಯಾಂಕಿನಲ್ಲಿ. 1969ರ ಜುಲೈ 19ರಂದು ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡು ನಮ್ಮವು. 1980ರಲ್ಲಿ ಮತ್ತೆ ಆರು, ಅದರಲ್ಲಿ ವಿಜಯಾ, ಕಾರ್ಪೊರೇಷನ್ ಸೇರಿದವು. 1969ರಲ್ಲಿ ದೇಶದಲ್ಲಿ 8,262 ಬ್ಯಾಂಕ್ ಶಾಖೆಗಳಿದ್ದವು. 1991ರ ಹೊತ್ತಿಗೆ 60 ಸಾವಿರ ದಾಟಿದವು. ಹೋಬಳಿಗೆ ಶಾಖೆ ಬಂತು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ಪರೀಕ್ಷೆ ಬಂತು, ಮೀಸಲಾತಿ ಬಂತು. ಪರಿಶಿಷ್ಟರ, ಹಿಂದುಳಿದವರ ಮನೆಯ ಮಕ್ಕಳು ಕೌಂಟರಿನ ಆಚೆ ಕಡೆ ಕೂತರು. ಅವರ ಅಜ್ಜಂದಿರು ಹೆಬ್ಬೆಟ್ಟು ಒತ್ತಿದ್ದು ಕೌಂಟರಿನ ಈಚೆ.

ಬಿ.ಕಾಂ. ಮಾಡಿದರೆ ಬ್ಯಾಂಕಿನ ನೌಕರಿ ಎಂದು ನಮ್ಮ ಹಿರಿಯರ ತಲೆಯಲ್ಲಿ ಕೂತದ್ದು ಈ ಕಾಲದಲ್ಲಿ. ಅದು ಆಗ ನಿಜವೂ ಆಗಿತ್ತು. ಲೆಡ್ಜರ್ ಎಲ್ಲ ಕೈಬರಹ. ಪ್ರತಿ ಹೊಸ ಶಾಖೆಗೂ ಹೊಸ ಕೈಗಳು ಬೇಕಿದ್ದವು.

ಬರೆಯುವ ಕೈ ಬೇಡವಾದಾಗ

ಆ ಕಾಲ ಮುಗಿದದ್ದು ಯಾರಿಗೂ ಗೊತ್ತಾಗದಂತೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ, ಅವರ ಮಗ ಭರತ್ ಗೋಯೆಂಕಾ ಒಂದು ಸಾಫ್ಟ್‌ವೇರ್ ಕಂಪನಿ ಕಟ್ಟಿದರು. ತಂದೆಯ ವ್ಯಾಪಾರದ ಲೆಕ್ಕಕ್ಕೆಂದು ಮಗ ಬರೆದ ಪ್ರೋಗ್ರಾಂ ಮುಂದೆ 'ಟ್ಯಾಲಿ' ಆಯಿತು. ಇಂದು ತಾಲ್ಲೂಕು ಪೇಟೆಗಳಲ್ಲೆಲ್ಲ ಟ್ಯಾಲಿ ಕ್ಲಾಸಿನ ಬೋರ್ಡು ಕಾಣುತ್ತದೆ. ಹತ್ತು ಗುಮಾಸ್ತರು ತಿಂಗಳಿಡೀ ಬರೆದು ತಾಳೆ ಹಾಕುತ್ತಿದ್ದ ಲೆಕ್ಕವನ್ನು ಒಬ್ಬರು ಒಂದೇ ದಿನದಲ್ಲಿ ಮುಗಿಸುವಂತಾಯಿತು.

ಬ್ಯಾಂಕುಗಳಿಗೂ ಕಂಪ್ಯೂಟರ್ ಬಂತು. 2000–01ರ ಸುಮಾರಿಗೆ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ನೌಕರರು ಹೊರಗೆ ಹೋದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ ವಿಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. 38 ರೂಪಾಯಿ ಚಿಲ್ಲರೆಯಿಂದ ಶುರುವಾದ ಬ್ಯಾಂಕಿನ ಹೆಸರು ಈಗ ಬೋರ್ಡಿನ ಮೇಲಿಲ್ಲ.

ಇನ್ನೊಂದು ಕಡೆ ಲೆಕ್ಕ ಹೆಚ್ಚುತ್ತ ಹೋಯಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಇಂದು ಸಂಜೀವಿನಿ ಒಕ್ಕೂಟಗಳಲ್ಲಿ ಮುಖ್ಯ ಪುಸ್ತಕ ಬರಹಗಾರರು ಎಂಬ ಕೆಲಸ ಇದೆ. ಊರವರು ಎಂಬಿಕೆ ಎನ್ನುತ್ತಾರೆ. ಆ ಕೆಲಸ ಮಾಡುವವರು ನಮ್ಮ ಊರಿನ ಹೆಣ್ಣುಮಕ್ಕಳೇ. ಗೌರವಧನ ಕಡಿಮೆ, ನಿಜ. ಆದರೆ ಶಾನುಭೋಗರ ಕಾಲದಿಂದ ನೋಡಿದರೆ ಅದು ಸಣ್ಣ ಮಾತಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗೊಬ್ಬರದ ಅಂಗಡಿಯವರಿಗೂ ರಿಟರ್ನ್ ತುಂಬುವವರು ಬೇಕಾದರು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಕಣಗಿನಹಾಳದಲ್ಲಿ ಶುರುವಾದ ಪುಸ್ತಕ ಈಗ ಕಂಪ್ಯೂಟರಿಗೆ ಬರುತ್ತಿದೆ.

ಅಂದರೆ ಲೆಕ್ಕದ ಕೆಲಸ ಕಡಿಮೆಯಾಗಿಲ್ಲ. ನಕಲು ಮಾಡುವ ಕೆಲಸ ಹೋಗಿದೆ. ಬರೆದದ್ದನ್ನು ಓದಿ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಹೇಳಬಲ್ಲವರಿಗೆ ಕೆಲಸ ಉಳಿದಿದೆ.

ಕಾಕಾನಿಗೆ ನಾವು ಹೇಳಿದ್ದು

ಮರುದಿನ ಕಾಕಾನ ಮನೆಗೇ ಹೋದೆವು. ಮಗಳೂ ಕೂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

ಪ್ರವೇಶದ ಚಿಂತೆ ಬೇಡ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಸೀಟು ಅವಳ ಅಂಕಕ್ಕೆ ಸಿಗುತ್ತದೆ. 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಕಲಬುರಗಿ ಹತ್ತಿರದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಹೋಗುವುದಾದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಮಾತ್ರ ಪೈಪೋಟಿ ಹೆಚ್ಚು, ಫೀಯೂ ಹೆಚ್ಚು.

ಬರೀ ಪದವಿಯಿಂದ ನೌಕರಿ ಸಿಗುವುದಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಬಿ.ಕಾಂ. ಬೇಕೆಂದೇ ಇಲ್ಲ, ಯಾವ ಪದವಿಯಾದರೂ ನಡೆಯುತ್ತದೆ. ಅಲ್ಲಿ ಕೇಳುವುದು ಗಣಿತ, ತರ್ಕ, ಇಂಗ್ಲಿಷ್. ಆದರೆ ಈಗ ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನೂ ಕ್ಲರ್ಕ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕನ್ನಡಿಗರು ಕೇಳಿ ಕೇಳಿ ಪಡೆದ ಅವಕಾಶ ಅದು. ಇಂಗ್ಲಿಷಿನ ಪ್ರಶ್ನೆಗಳು ಮಾತ್ರ ಇಂಗ್ಲಿಷಿನಲ್ಲೇ ಇರುತ್ತವೆ. ಮೊದಲ ವರ್ಷದಿಂದಲೇ ತಯಾರಿ ಬೇಕು.

ಸಿಎ ಆಗಬೇಕೆಂದರೆ ಪಿಯುಸಿ ಆದ ಕೂಡಲೇ ಫೌಂಡೇಷನ್ ಬರೆಯಬಹುದು. ಇಲ್ಲವೇ ಬಿ.ಕಾಂ.ನಲ್ಲಿ ನೂರಕ್ಕೆ 55 ತೆಗೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಬಳಿಕ ಆಡಿಟರ್ ಕೈಕೆಳಗೆ ಎರಡು ವರ್ಷ ತರಬೇತಿ. ಕಾಲೇಜಿನ ಡೊನೇಷನ್ ಇಲ್ಲದೆ, ಊರಿನಲ್ಲಿದ್ದೇ ಓದಿ ಬರೆಯಬಹುದಾದ ದೊಡ್ಡ ಪರೀಕ್ಷೆ ಇದು. ಆದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಬರೆಯಬೇಕು, ಕನ್ನಡದಲ್ಲಿ ಅವಕಾಶ ಇಲ್ಲ. ಆಗ ಮೋಡಿ ಲಿಪಿ, ಈಗ ಇಂಗ್ಲಿಷ್. ಹಳ್ಳಿಯ ಮಕ್ಕಳಿಗೆ ಬಾಗಿಲು ಅಡ್ಡವಾಗಿರುವುದು ಬುದ್ಧಿಯಿಂದಲ್ಲ, ಭಾಷೆಯಿಂದ. ಇದನ್ನು ಕೇಳುವವರು ಕೇಳಬೇಕು. ಅಲ್ಲಿಯವರೆಗೆ ಅಕೌಂಟೆನ್ಸಿಯನ್ನು ಎರಡೂ ಭಾಷೆಯಲ್ಲಿ ಓದಿಕೊಳ್ಳದೆ ಬೇರೆ ದಾರಿ ಇಲ್ಲ.

ಇವೆರಡರ ನಡುವೆ ಸಣ್ಣ ದಾರಿಗಳೂ ಇವೆ. ಸಹಕಾರ ಸಂಘ, ಲೆಕ್ಕ ಪರಿಶೋಧನೆ ಇಲಾಖೆ, ಖಜಾನೆ, ವಾಣಿಜ್ಯ ತೆರಿಗೆ, ಪೇಟೆಯ ಆಡಿಟರ್ ಕಚೇರಿ. ಆಡಿಟರ್ ಕಚೇರಿಯಲ್ಲಿ ಮೊದಲ ವರ್ಷ ಸಂಬಳ ಕಡಿಮೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಕೈಗೆ ಹತ್ತಿದರೆ ಮುಂದೆ ದಾರಿ ಸಿಗುತ್ತದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಸೊಸೈಟಿಯ ಬೆಳೆಸಾಲದ ಪಾಸ್‌ಬುಕ್ ತಂದು ಮಗಳ ಮುಂದೆ ಇಟ್ಟರು. "ಇದು ಖರೆ ಐತೇನು ನೋಡವ್ವಾ" ಎಂದರು. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಒಂದು ಕಡೆ ನಿಂತಳು. "ಅಪ್ಪಾ, ಈ ಕಂತು ಎರಡು ಸಲ ಖರ್ಚು ಹಾಕ್ಯಾರ. ನಾಳೆ ಹೋಗಿ ಕೇಳೋಣು" ಎಂದಳು.

ಮದುವೆಯ ಮಾತು ಆ ದಿನ ಬರಲಿಲ್ಲ. ಬಿ.ಕಾಂ. ಅರ್ಜಿಗೆ ಯಾವ ಯಾವ ಕಾಗದ ಬೇಕು ಎಂದು ಕಾಕಾ ಕೇಳಿದರು. ನಾವು ಬರೆದುಕೊಟ್ಟೆವು.